ಗೌರಾಬಾಯಿ ತೆಗೆದಿಟ್ಟ ಬ್ಲೇಡು

ನನ್ನ ಅಂಗಡಿಯ ಕೌಂಟರಿನ ಮೇಲೆ ಇಟ್ಟ ಚೀಟಿ ಯಾವುದೂ ಚಪ್ಪಟೆಯಾಗಿ ಉಳಿಯುವುದಿಲ್ಲ. ಗಿರಾಕಿಯ ಫೋನ್ ನಂಬರು ಬರೆದ ಕಾಗದ, ಹಳೇ ಬಸ್ ಟಿಕೆಟ್ಟು, ಮದುವೆ ಪತ್ರಿಕೆಯ ಚೂರು, ಎಲ್ಲವೂ ಸಂಜೆಯ ಹೊತ್ತಿಗೆ ಬೀಡಿಯಾಗಿರುತ್ತವೆ. ಬಾಯಿ ಮಡಚಿ, ಉಗುರಿನಿಂದ ಒತ್ತಿ ಕೂರಿಸಿದ ಅಚ್ಚುಕಟ್ಟಾದ ಬೀಡಿ. ಗೌರಾಬಾಯಿಯ ಕೆಲಸ ಇದು. ಬೈದರೆ, ಮಗುವನ್ನು ರಮಿಸುವ ಹಾಗೆ, "ನಾ ಎಲ್ಲಿ ಮಾಡೇನಿ ಬಾಳಾ, ಕೈ ಮಾಡ್ಯಾವ" ಅನ್ನುತ್ತಾಳೆ.

ಆಕೆಗೆ ಈಗ ಅರವತ್ತೆಂಟು. ನಿಪ್ಪಾಣಿಯಲ್ಲಿ ನಮ್ಮದೇ ಓಣಿಯ ಕೊನೆಯ ಮನೆ. ಹತ್ತನೇ ವಯಸ್ಸಿಗೆ ತಾಯಿಯ ಪಕ್ಕ ಕೂತು ಬೀಡಿ ಕಟ್ಟಲು ಕಲಿತವಳು, ಮದುವೆಯಾಗಿ ಮಕ್ಕಳಾಗಿ ಸೊಸೆ ಬಂದ ಮೇಲೂ ತೊಡೆಯ ಮೇಲಿನ ಮೊರ ಇಳಿಸಲಿಲ್ಲ. ಕಾರಖಾನೆಯಲ್ಲಿ ಬೀಡಿ ತೆಗೆದುಕೊಳ್ಳುವವರು ಕಟ್ಟನ್ನು ಕೈಯಾಡಿಸಿ ನೋಡಿ, ಸರಿಯಿಲ್ಲದ್ದನ್ನು ಆಚೆ ಎಸೆಯುತ್ತಾರೆ. ಹಾಗೆ ಎಸೆದ ಬೀಡಿಗೆ ಛಾಟ ಅನ್ನುತ್ತಾರೆ. ಗೌರಾಬಾಯಿಯ ಕಟ್ಟಿನಲ್ಲಿ ಛಾಟ ಸಿಕ್ಕಿದ್ದನ್ನು ಓಣಿಯಲ್ಲಿ ಯಾರೂ ಕೇಳಿಲ್ಲ. ಎರಡು ವರ್ಷದ ಹಿಂದೆ ಆಕೆಗೆ ಎದೆ ಬಿಗಿಯತೊಡಗಿತು. ಡಾಕ್ಟರು ಬೀಡಿಗೆ ತುಂಬುವ ಜರದಾ, ಆ ತಂಬಾಕಿನ ಪುಡಿಯನ್ನು ಮುಟ್ಟಲೇಬಾರದು ಅಂದರು. ಸೊಸೆ ಸುಂದರಾ ಮೊರವನ್ನು ಅಟ್ಟಕ್ಕೇರಿಸಿದಳು. ಅಂದಿನಿಂದ ಗೌರಾಬಾಯಿ ಬೆಳಿಗ್ಗೆ ಹತ್ತಕ್ಕೆ ಬಂದು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಾಳೆ. ಕಣ್ಣಿಗೆ ಪೊರೆ ಬಂದಿದೆ, ಮೊಣಕಾಲು ಹಿಡಿದಿವೆ. ಕೈ ಮಾತ್ರ ನಿಂತಿಲ್ಲ.

ನಾನು ಸುಹಾಸ. ಸ್ಕೂಟರ್ ರಿಪೇರಿ ನನ್ನ ಹೊಟ್ಟೆಪಾಡು, ಹುಚ್ಚು ಬೇರೆ ಇದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ, ರಿಮೋಟ್ ಹಿಡಿದು ಹಾರಿಸುವ ಸಣ್ಣ ಜೆಟ್ ವಿಮಾನ ಕಟ್ಟುತ್ತೇನೆ. ಜೆಟ್ಟಿಗೆ ಮೂಗಿನ ಮೇಲೆ ಪಂಕ ಇರಬಾರದು. ಅದಕ್ಕೆ ಹೊಟ್ಟೆಯೊಳಗೆ ಒಂದು ಕೊಳವೆ, ಕೊಳವೆಯೊಳಗೆ ಏಳು ಬ್ಲೇಡಿನ ಫ್ಯಾನು, ಫ್ಯಾನಿನ ಬೆನ್ನಿಗೆ ಮುಷ್ಟಿಯಷ್ಟು ದೊಡ್ಡ ಎಂಜಿನ್. ಗ್ಲೋ ಎಂಜಿನ್ ಅಂತ ಅದರ ಹೆಸರು. ಅದರ ತಲೆಯೊಳಗೆ ಕೂದಲಿನಂಥ ತಂತಿಯ ಸುರುಳಿ ಇರುತ್ತದೆ. ಶುರುವಿಗೆ ಬ್ಯಾಟರಿ ಹಿಡಿದು ಸುರುಳಿಯನ್ನು ಕೆಂಪಗೆ ಮಾಡಿಕೊಟ್ಟರೆ ಸಾಕು, ಆಮೇಲೆ ಎಂಜಿನ್ನು ತನ್ನ ಬಿಸಿಯಿಂದಲೇ ಅದನ್ನು ಕೆಂಪಗೆ ಇಟ್ಟುಕೊಂಡು ಓಡುತ್ತದೆ. ಕುಡಿಯುವುದು ಮೆಥನಾಲು ಮತ್ತು ಔಡಲೆಣ್ಣೆ. ತಿರುಗುವುದು ನಿಮಿಷಕ್ಕೆ ಇಪ್ಪತ್ತೆರಡು ಸಾವಿರ ಸುತ್ತು. ಬ್ಲೇಡಿನ ತುದಿಗೂ ಕೊಳವೆಯ ಗೋಡೆಗೂ ನಡುವೆ ಒಂದು ಪೋಸ್ಟ್ ಕಾರ್ಡು ತೂರುವಷ್ಟು ಜಾಗ.

ಈಗ ಎಲ್ಲರೂ ಇಂಥದಕ್ಕೆ ಬ್ಯಾಟರಿ ಮೋಟಾರು ಹಾಕುತ್ತಾರೆ. ಆ ಮಾತು ಎತ್ತಿದರೆ ನನಗೆ ಮೈ ಉರಿಯುತ್ತದೆ. ಎಂಜಿನ್ ಅಂದ ಮೇಲೆ ಬೆರಳಿಗೆ ಎಣ್ಣೆ ಹತ್ತಬೇಕು, ಅಂಗಿಗೆ ವಾಸನೆ ಮೆತ್ತಬೇಕು, ಹೆಂಡತಿಯ ಕೈಲಿ ಬೈಸಿಕೊಳ್ಳಬೇಕು. ಕೊಲ್ಹಾಪುರದ ಸಂದೇಶ ನನ್ನ ಹಾಗೇ ವಿಮಾನದ ಹುಚ್ಚಿನವನು, ಆದರೆ ಬ್ಯಾಟರಿ ಪಕ್ಷದವನು. "ಅರೇ ಬಾಬಾ, ಆ ಮುದಿ ಎಂಜಿನ್ ಕಿತ್ತ ಒಗಿ ಕೀ" ಅಂತ ಭೇಟಿಯಾದಾಗಲೆಲ್ಲ ಕೆಣಕುತ್ತಾನೆ. ಅವನ ಬಾಯಿ ಮುಚ್ಚಿಸಬೇಕೆಂದು ಹಲ್ಲು ಕಚ್ಚಿಕೊಂಡು ಮೂರು ವರ್ಷ ಕೂತೆ. ಜೆಟ್ಟು ಮಾತ್ರ ಪ್ರತಿ ಸಲ ಒಂದೇ ಆಟ ಆಡುತ್ತಿತ್ತು. ಚೆನ್ನಾಗಿ ಓಡಿ, ಮೇಲೇರಿ, ಪೂರ್ತಿ ವೇಗಕ್ಕೆ ಬಂದ ಒಂದು ನಿಮಿಷದಲ್ಲಿ ಎಂಜಿನ್ ಆರಿಹೋಗುತ್ತಿತ್ತು. ಪ್ಲಗ್ ಬದಲಿಸಿದೆ, ಎಣ್ಣೆಯ ಪ್ರಮಾಣ ಬದಲಿಸಿದೆ, ಟ್ಯಾಂಕ್ ಬದಲಿಸಿದೆ. ಉಳಿದದ್ದು ಫ್ಯಾನು. ಇಂಥ ಫ್ಯಾನು ಈಗ ಅಂಗಡಿಯಲ್ಲಿ ಸಿಗುವುದಿಲ್ಲವಾದ್ದರಿಂದ ಬ್ಲೇಡುಗಳನ್ನು ನಾನೇ ಫೈಬರ್ ಮತ್ತು ಅಂಟು ಸೇರಿಸಿ ಅಚ್ಚಿನಲ್ಲಿ ಎರೆಯುತ್ತಿದ್ದೆ. ಕಳೆದ ಜನವರಿಯಲ್ಲಿ ಏಳು ಹೊಸ ಬ್ಲೇಡುಗಳನ್ನು ಎದುರಿನ ಅಕ್ಕಸಾಲಿಗರ ಕಾಟಾದ ಮೇಲೆ ಇಟ್ಟು, ಉಜ್ಜಿ, ಮತ್ತೆ ಇಟ್ಟು, ಏಳೂ ಆರು ಗ್ರಾಂ ನಲವತ್ತಕ್ಕೆ ನಿಲ್ಲುವಂತೆ ಮಾಡಿದೆ. ಒಂದು ಕೂದಲಿನಷ್ಟೂ ಹೆಚ್ಚುಕಮ್ಮಿ ಇರಲಿಲ್ಲ.

ಆ ಜಂಬದಲ್ಲೇ ಬ್ಲೇಡುಗಳನ್ನು ತಂದು ಗೌರಾಬಾಯಿಯ ಮುಂದೆ ಹರಡಿದೆ. ಆಕೆ ಒಂದೊಂದನ್ನೇ ಬುಡದಲ್ಲಿ ಹಿಡಿದು, ಹೆಬ್ಬೆರಳು ತೋರುಬೆರಳಿನ ನಡುವೆ ಸ್ವಲ್ಪ ತೂಗಿ, ಪಕ್ಕಕ್ಕೆ ಇಡುತ್ತ ಹೋದಳು. ಆರು ಒಂದು ಕಡೆ ಹೋದವು. ಒಂದು ಇನ್ನೊಂದು ಕಡೆ ಹೋಯಿತು.

"ಇದನ್ನ ತಗದ ಇಡು. ಛಾಟ ಐತಿ."

ಬುಡದ ಮೇಲೆ ನಾನು ಪೆನ್ಸಿಲಿನಿಂದ ನಂಬರು ಬರೆದಿದ್ದೆ. ಆಕೆ ತೆಗೆದಿಟ್ಟದ್ದು ಐದನೆಯದು. ಬೆನ್ನ ಹಿಂದೆ ಹಿಡಿದು ಏಳನ್ನೂ ಕಲೆಸಿ ಮತ್ತೆ ಕೊಟ್ಟೆ. ಮತ್ತೆ ಐದನೆಯದೇ ಪಕ್ಕಕ್ಕೆ ಹೋಯಿತು. ಮೂರನೇ ಸಲವೂ ಅದೇ. ಬುದ್ಧಿ ಇದ್ದವನು ಅಲ್ಲಿಗೆ ನಿಂತು ಯೋಚಿಸುತ್ತಿದ್ದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ.

"ಬಂಗಾರ ತೂಗೂ ಕಾಟಾ ಸುಳ್ಳ ಹೇಳತೈತೇನ ಆಯಿ? ಇದು ಬೀಡಿ ಅಲ್ಲ."

"ಬೀಡಿ ಅಲ್ಲಂತ ನನಗೂ ಗೊತ್ತೈತಿ. ಬೀಡಿ ಆದ್ರ ಆರಿ ಹೋಗತೈತಿ, ಅಷ್ಟ. ಇದು ಎಲ್ಲಿ ಹೋಗಿ ಬೀಳತೈತೋ ಯಾರಿಗ ಗೊತ್ತ."

ಅಂಗಡಿಯಲ್ಲಿ ಆಗ ನಾಲ್ಕು ಗಿರಾಕಿಗಳಿದ್ದರು. ಒಬ್ಬ ಕಿಸಕ್ಕನೆ ನಕ್ಕ. ನನಗೆ ನೆತ್ತಿಗೇರಿತು.

"ನಿನ್ನ ಕೈ ಬೀಡಿಗಷ್ಟ ಸರಿ. ಇಂಥಾದ್ರಾಗ ಕೈ ಹಾಕಬ್ಯಾಡ" ಎಂದು ಹೇಳಿಯೇಬಿಟ್ಟೆ.

ಆಕೆ ಸೆರಗು ಸರಿಮಾಡಿಕೊಂಡು, ಗೋಡೆ ಹಿಡಿದು ಎದ್ದು ಹೋದಳು. ಮರುದಿನ ಹತ್ತಕ್ಕೆ ಕಟ್ಟೆ ಖಾಲಿ ಇತ್ತು. ಅದರ ಮರುದಿನವೂ ಖಾಲಿ. ಬರಲಿ ಬಿಡು, ಎಲ್ಲಿ ಹೋಗುತ್ತಾಳೆ ಅಂದುಕೊಂಡೆ. ಆದರೆ ಗಿರಾಕಿಗಳ ಚೀಟಿಗಳು ಕೌಂಟರಿನ ಮೇಲೆ ಚಪ್ಪಟೆಯಾಗಿಯೇ ಬಿದ್ದಿರುವುದನ್ನು ನೋಡುವುದು ಕಷ್ಟವಾಯಿತು.

ಆ ಭಾನುವಾರ ಚಿಕ್ಕೋಡಿ ರಸ್ತೆಯಲ್ಲಿರುವ ನಮ್ಮ ಮಾವನ ಹೊಲದಲ್ಲಿ, ಐದನೆಯದನ್ನೂ ಸೇರಿಸಿ ಏಳೂ ಬ್ಲೇಡು ಹಾಕಿ, ಜೆಟ್ಟು ಹಾರಿಸಿದೆ. ತಂಬಾಕು ತೆಗೆದು, ಕುಂಟೆ ಹೊಡೆದು, ರೋಲರ್ ಎಳೆದ ನೆಲ. ಸಂದೇಶನೂ ಬಂದಿದ್ದ. ವಿಮಾನ ಸೊಗಸಾಗಿ ಎದ್ದಿತು. ಒಂದು ಸುತ್ತು ಹಾಕಿತು. ಎರಡನೇ ಸುತ್ತಿನ ನಡುವೆ ಸದ್ದು ತೆಳುವಾಗಿ ನಿಂತೇಹೋಯಿತು. ತೇಲಿಸಿಕೊಂಡು ಪಕ್ಕದ ಕೂಳೆ ಹೊಲದಲ್ಲಿ ಇಳಿಸಿದೆ. ಗಾಲಿಯ ಕಾಲೊಂದು ಮುರಿಯಿತು. ಸಂದೇಶ ಬ್ಯಾಟರಿಯ ಮಾತು ಎತ್ತಲಿಲ್ಲ, ಪಾಪ ಅನ್ನುವ ಹಾಗೆ ನನ್ನ ಬೆನ್ನು ತಟ್ಟಿದ. ಅದು ಇನ್ನೂ ಉರಿಯಿತು.

ಸೋಮವಾರ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಎಂಜಿನ್ ಮತ್ತು ಫ್ಯಾನನ್ನು ಮೇಜಿಗೆ ಬಿಗಿದು, ಟ್ಯಾಂಕನ್ನು ಕಣ್ಣೆದುರಿಗೇ ಇಟ್ಟು ಓಡಿಸಿದೆ. ಪೂರ್ತಿ ವೇಗಕ್ಕೆ ಬಂದಾಗ ಟ್ಯಾಂಕಿನೊಳಗಿನ ಎಣ್ಣೆ ಮಜ್ಜಿಗೆ ಕಡೆದ ಹಾಗೆ ನೊರೆಯಾಯಿತು. ನೊರೆ ಎಂದರೆ ಗಾಳಿ, ಗಾಳಿ ಕುಡಿದ ಎಂಜಿನ್ ಆರಲೇಬೇಕು. ನೊರೆಯೇಳಿಸುತ್ತಿದ್ದುದು ನಡುಕ, ನಡುಗುತ್ತಿದ್ದುದು ಫ್ಯಾನು. ಏಳರ ತೂಕವೂ ಒಂದೇ ಅಂದ ಮೇಲೆ ಇನ್ನೇನು ನೋಡುವುದು ಎಂಬ ಸೊಕ್ಕಿನಲ್ಲಿ ನಾನು ಫ್ಯಾನನ್ನು ಜೋಡಿಸಿದ ಮೇಲೆ ಪರೀಕ್ಷಿಸಿಯೇ ಇರಲಿಲ್ಲ.

ಬ್ಲೇಡುಗಳನ್ನು ಬಿಚ್ಚಿದೆ. ಗರಗಸದ ಪಟ್ಟಿಯೊಂದನ್ನು ಅಂಚು ಮೇಲಾಗಿ ನಿಲ್ಲಿಸಿ, ಒಂದೊಂದನ್ನೇ ಅದರ ಮೇಲೆ ಅಡ್ಡಲಾಗಿ ತೂಗುಹಾಕಿ, ಎಲ್ಲಿ ಸಮನಾಗಿ ನಿಲ್ಲುತ್ತದೋ ಅಲ್ಲಿ ಗೆರೆ ಎಳೆದೆ. ಆರರ ಗೆರೆ ಒಂದೇ ಕಡೆ ಬಿತ್ತು. ಐದನೆಯದು ಒಂದು ಅಕ್ಕಿಕಾಳಿನಷ್ಟು ತುದಿಯ ಕಡೆಗೆ ಜರುಗಿತ್ತು. ಎರೆಯುವಾಗ ಅಂಟು ಬುಡಕ್ಕೆ ಇಳಿಯದೆ ತುದಿಯಲ್ಲೇ ಗಟ್ಟಿಯಾಗಿರಬೇಕು. ತೂಕ ಒಂದೇ, ಆದರೆ ಭಾರ ಕೂತ ಜಾಗ ಬೇರೆ. ಕಾಟಾಕ್ಕೆ ಅದು ತಿಳಿಯುವುದಿಲ್ಲ. ಬುಡದಲ್ಲಿ ಹಿಡಿದು ತೂಗಿದ ಬೆರಳಿಗೆ ತಿಳಿಯುತ್ತದೆ.

ನನಗೆ ನಾಚಿಕೆಯಾಯಿತು. ಆ ಹೊತ್ತಿಗೆ ಹೆಂಡತಿ ಸ್ನೇಹಲ ಚಹಾ ತಂದವಳು ಕಟ್ಟೆಯ ಕಡೆ ನೋಡಿ, "ಆಯಿ ಮನ್ಯಾಗ ಸುಮ್ಮ ಕುಂತಾಳಂತ. ಕೈ ಮಡಚಿಕೊಂಡು. ಸುಂದರಾ ಹೇಳತಿದ್ಲು, ಎರಡ ಕೈನೂ ಸೆರಗಿನಾಗ ಮುಚ್ಚಿಕೊಂಡು ಕುಂದರತಾಳಂತ" ಅಂದಳು.

ಚಹಾದ ಲೋಟ ಕೆಳಗಿಟ್ಟೆ. ಬೀಡಿ ಹೋದ ಮೇಲೆ ಆ ಮುದುಕಿಗೆ ಉಳಿದಿದ್ದದ್ದು ಒಂದೇ, ತನ್ನ ಕೈ ತಪ್ಪು ಹೇಳುವುದಿಲ್ಲ ಎಂಬ ಭರವಸೆ. ಡಾಕ್ಟರು ಕಸಿದುಕೊಂಡದ್ದು ಜರದಾವನ್ನು ಮಾತ್ರ. ನಾನು ಕೈಯನ್ನೇ ಕಸಿದುಕೊಂಡಿದ್ದೆ, ಅದೂ ನಾಲ್ಕು ಜನರ ಎದುರಿಗೆ.

ಇಷ್ಟು ವರ್ಷಗಳಲ್ಲಿ ಎರೆದ ಬ್ಲೇಡುಗಳೆಲ್ಲ ಒಂದು ಬಿಸ್ಕಿಟ್ ಡಬ್ಬಿಯಲ್ಲಿದ್ದವು, ಮೂವತ್ತೊಂದು. ಡಬ್ಬಿ ಬಗಲಲ್ಲಿ ಇಟ್ಟುಕೊಂಡು ಆಕೆಯ ಮನೆಗೆ ಹೋದೆ. ಬಾಗಿಲಲ್ಲೇ ಕೂತಿದ್ದಳು. ಸ್ನೇಹಲ ಹೇಳಿದ ಹಾಗೇ, ಕೈ ಸೆರಗಿನೊಳಗಿತ್ತು.

"ತಪ್ಪಾತು ಆಯಿ. ಐದನೇದು ಛಾಟ ಇತ್ತು."

"ಗೊತ್ತೈತಿ" ಅಂದಳು. ಮುಖ ತಿರುಗಿಸಲಿಲ್ಲ.

"ಇದರಾಗ ಏಳು ಆರಿಸಿ ಕೊಡು."

"ಬೀಡಿಗಷ್ಟ ಸರಿ ಕೈ ಇದು."

ಬೇಕಿತ್ತು ನನಗೆ. ಸುಂದರಾ ಒಳಗಿನಿಂದ ಅತ್ತೆಗೆ ಏನೋ ಕಣ್ಸನ್ನೆ ಮಾಡಿದಳು. ಆಕೆಗೆ ಅದು ಎಲ್ಲಿ ಕಾಣಬೇಕು. ನಾನೇ ಡಬ್ಬಿಯ ಮುಚ್ಚಳ ತೆಗೆದು, ಒಂದು ಬ್ಲೇಡನ್ನು ಬುಡ ಮುಂದಾಗಿ ಹಿಡಿದುಕೊಂಡೆ. ಗೌರಾಬಾಯಿಯ ಬಲಗೈ ಸೆರಗಿನಿಂದ ಹೊರಗೆ ಬಂದು ಅದನ್ನು ತೆಗೆದುಕೊಂಡಿತು. ಆಕೆಯನ್ನು ಕೇಳಿದರೆ ಕೈ ತಾನೇ ಬಂತು ಅನ್ನುತ್ತಾಳೆ, ನನಗೆ ಗೊತ್ತು.

"ಸುಂದರಾ, ಅಟ್ಟದ ಮ್ಯಾಲಿನ ಮೊರ ತಾ" ಅಂದಳು.

ಮೊರ ಬಂತು. ಡಬ್ಬಿಯನ್ನು ಅದರಲ್ಲಿ ಸುರುವಿಕೊಂಡು ಒಂದು ತಾಸು ಕೂತಳು. ಆರಿಸುತ್ತಲೇ ಹೇಳಿದಳು: "ಕಾಟಾ ಎಷ್ಟೈತಿ ಅಂತ ಹೇಳತೈತಿ. ಎಲ್ಲೈತಿ ಅಂತ ಹೇಳತೈತೇನ? ಜರದಾ ಎಲ್ಲಾ ಒಂದ ಕಡೆ ಕುಂತ್ರೂ ಬೀಡಿ ತೂಕ ಬರೋಬರಿ ಇರತೈತಿ ಬಾಳಾ. ಖರೇ ಸೇದೋವಾಗ ನಡುವ ಆರತೈತಿ."

ನನ್ನ ಎಂಜಿನ್ನಿನ ರೋಗವನ್ನು ಮೂರು ವರ್ಷದಲ್ಲಿ ಯಾರೂ ಇಷ್ಟು ಸರಿಯಾಗಿ ಹೇಳಿರಲಿಲ್ಲ. ಆಕೆ ಆರಿಸಿದ ಏಳರಲ್ಲಿ ಎರಡು, ಮೈ ಒರಟು ಎಂದು ನಾನೇ ಎಸೆಯಲು ಇಟ್ಟಿದ್ದವು. ಅಂಗಡಿಗೆ ತಂದು ಫ್ಯಾನಿಗೆ ಜೋಡಿಸಿದೆ. ಮನಸ್ಸು ಇನ್ನೂ ಪೂರ್ತಿ ಒಪ್ಪಿರಲಿಲ್ಲ, ಸುಳ್ಳೇಕೆ ಹೇಳಲಿ. ಫ್ಯಾನನ್ನು ಸಣ್ಣ ಕಡ್ಡಿಯ ಮೇಲೆ ಅಡ್ಡ ಇಟ್ಟು ಬೆರಳಿನಿಂದ ಮೆಲ್ಲಗೆ ತಿರುಗಿಸಿ ನೋಡಿದೆ. ಭಾರವಾದ ಕಡೆ ಕೆಳಗೆ ಜರುಗಬೇಕು. ಎಲ್ಲಿ ಬಿಟ್ಟರೆ ಅಲ್ಲೇ ನಿಂತಿತು.

ಮರುದಿನ ಹತ್ತಕ್ಕೆ ಆಕೆ ಕಟ್ಟೆಯ ಮೇಲಿದ್ದಳು. ಸಂಜೆಗೆ ನನ್ನ ಲೈಟ್ ಬಿಲ್ಲು ಬೀಡಿಯಾಗಿತ್ತು. ಬೈಯಲಿಲ್ಲ.

ಫೆಬ್ರವರಿಯ ಕೊನೆಯ ಭಾನುವಾರ ಆಕೆಯನ್ನು ರಿಕ್ಷಾದಲ್ಲಿ ಹೊಲಕ್ಕೆ ಕರೆದುಕೊಂಡು ಹೋದೆ. ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆವು. ಸಂದೇಶ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಬಂದಿದ್ದ, ನನ್ನ ಸೋಲು ನೋಡಲೋ ಗೆಲುವು ನೋಡಲೋ ದೇವರಿಗೇ ಗೊತ್ತು. ಎಂಜಿನ್ ಹಚ್ಚಿದೆ. ಔಡಲೆಣ್ಣೆಯ ಹೊಗೆ ಎದ್ದಿತು. ಮೊದಲು ಗದಗದ ಅನ್ನುತ್ತಿದ್ದ ಸದ್ದು ಈಗ ಒಂದೇ ಎಳೆಯಾಗಿ ಮೇಲೇರಿತು.

ವಿಮಾನ ಎದ್ದಿತು. ಒಂದು ಸುತ್ತು. ಎರಡು. ಆರುವ ಜಾಗಕ್ಕೆ ಬಂದಾಗ ಇಳಿಸಲು ನೆಲ ಹುಡುಕತೊಡಗಿದೆ. ಆರಲಿಲ್ಲ. ಮೂರು, ನಾಲ್ಕು, ಐದು. ಕೆಳಗೆ ಬಂದು ನಮ್ಮ ತಲೆಯ ಮೇಲಿಂದ ಶಿಳ್ಳೆ ಹೊಡೆಯುತ್ತ ಹೋಯಿತು. ಪೂರ್ತಿ ಐದು ನಿಮಿಷ ಹಾರಿಸಿ ಇಳಿಸಿದೆ. ನಾನು ಅತ್ತೆನೋ ನಕ್ಕೆನೋ ನೆನಪಿಲ್ಲ, ಸಂದೇಶ ನನ್ನನ್ನು ಎತ್ತಿಕೊಂಡು ಕುಣಿದದ್ದು ನೆನಪಿದೆ. ಗೌರಾಬಾಯಿಗೆ ಆಕಾಶದಲ್ಲಿ ಏನೂ ಕಂಡಿರಲಿಕ್ಕಿಲ್ಲ. ಸದ್ದು ಹೋದ ಕಡೆಗೆಲ್ಲ ಮುಖ ತಿರುಗಿಸುತ್ತ ನಗುತ್ತಿದ್ದಳು.

"ಇನ್ನೊಮ್ಮೆ, ಇನ್ನೊಮ್ಮೆ! ವಿಡಿಯೋ ಮಾಡೂನು" ಅಂದ ಸಂದೇಶ. ಟ್ಯಾಂಕ್ ತುಂಬಿಸಲು ವಿಮಾನವನ್ನು ಮರದ ಕೆಳಗೆ ತಂದು ಬೆನ್ನಿನ ಮುಚ್ಚಳ ತೆಗೆದೆ. ಗೌರಾಬಾಯಿ ಕೈ ಚಾಚಿದಳು. ಕೊಳವೆಯ ಬಾಯಿ ಕೈಗೆ ಸಿಗುವ ಹಾಗೆ ವಿಮಾನವನ್ನು ಆಕೆಯ ತೊಡೆಯ ಹತ್ತಿರ ಹಿಡಿದೆ. ಒಂದೊಂದೇ ಬ್ಲೇಡಿನ ತುದಿ ಹಿಡಿದು, ಅಲುಗಿಸಿ, ಫ್ಯಾನು ತಿರುಗಿಸುತ್ತ ಹೋದಳು. ನಾಲ್ಕನೆಯದಕ್ಕೆ ಬೆರಳು ನಿಂತಿತು.

"ಇದು ಈಗ ಛಾಟ ಆಗೇತಿ. ಒಳಗ ಎಲ್ಲೋ ಬಿರಕ ಬಿಟ್ಟೈತಿ" ಅಂದಳು.

ನಾನು ಬಗ್ಗಿ ನೋಡಿದೆ. ಬ್ಲೇಡು ಉಳಿದವುಗಳ ಹಾಗೇ ಇತ್ತು, ಒಂದು ಗೀರೂ ಕಾಣಲಿಲ್ಲ. ಸಂದೇಶ ನಕ್ಕು, "ಆಜೀ, ಆತ್ತಾ ತರ್ ಛಾನ್ ಉಡಾಲಾ!" ಅಂದ, ಈಗಷ್ಟೇ ಚೆನ್ನಾಗಿ ಹಾರಿತಲ್ಲ ಅಂತ. ಚೀಲದಿಂದ ಅಂಗೈಯಷ್ಟು ದೊಡ್ಡ ಹೊಸ ಕಾಟಾ ತೆಗೆದು, "ತಗಿ ಸುಹಾಸ, ತೂಗಿ ನೋಡೂನು" ಅಂದ.

ಗೌರಾಬಾಯಿ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು ಸೆರಗಿನ ಮೇಲೆ ಇಟ್ಟುಕೊಂಡಳು.

"ಕಾಟಾ ಒಳಗ ಇಡು" ಅಂದೆ. "ಇವತ್ತ ಇನ್ನ ಹಾರಸಂಗಿಲ್ಲ."

ಸ್ಕ್ರೂಡ್ರೈವರ್ ತೆಗೆದುಕೊಂಡು ಅಲ್ಲೇ ನೆಲದ ಮೇಲೆ ಕೂತು ಫ್ಯಾನು ಬಿಚ್ಚಿದೆ. ನಾಲ್ಕನೆಯ ಬ್ಲೇಡನ್ನು ತೆಗೆದು ಆಕೆಯ ಕೈಗೆ ಕೊಟ್ಟೆ. ಎಲೆಅಡಿಕೆಯ ಸಂಚಿಯ ಬಾಯಿ ಬಿಚ್ಚಿ ಅದರೊಳಗೆ ಹಾಕಿಕೊಂಡು ದಾರ ಎಳೆದಳು. ಇವತ್ತಿಗೂ ಅದು ಅಲ್ಲೇ ಇದೆ. ನಾನು ಅದನ್ನು ತೂಗಿ ನೋಡಿಲ್ಲ.