ಎರಡು ಕಾರ್ಬುರೇಟರ್, ಒಂದು ಕಿವಿ

ನಾನು ಟ್ಯೂನ್ ಮಾಡಿದ ಗಾಡಿ ಸ್ಟಾರ್ಟ್ ಆದರೆ ಅದರ ಕೆಳಗೆ ಮಲಗಿರೋ ನಾಯಿ ಕಣ್ಣು ಬಿಡೋದಿಲ್ಲ. ಮೂಡಲಪಾಳ್ಯದಲ್ಲಿ ಯಾರನ್ನಾದರೂ ಕೇಳಿ, ನಾಯಿಯನ್ನೇ ಕೇಳಿದರೂ ಸರಿ. ಅಂಥ ನನ್ನ ಹೆಸರು ಕೆಡಿಸೋಕೆ ಬಂದಿದ್ದು ಚಂದ್ರಾ ಲೇಔಟಿನ ಟೀಚರಮ್ಮನ ಹಳೇ ಕಾರು. ಅದಕ್ಕೆ ಜೋಡಿ ಕಾರ್ಬುರೇಟರ್, ಎರಡೂ ಒಂದೇ ಸಮ ಗಾಳಿ ಎಳೀಬೇಕು. ಎರಡು ಸಲ ಸರಿ ಮಾಡಿ ಕೊಟ್ಟೆ, ಎರಡು ಸಲವೂ ನಡುಗ್ತಾ ವಾಪಸ್ ಬಂತು.

“ಇವತ್ತೂ ಆಗಲಿಲ್ಲ ಅಂದ್ರೆ ಬೇರೆ ಮೇಸ್ತ್ರಿ ಹತ್ರ ಹೋಗ್ತೀನಿ,” ಅಂದರು ಟೀಚರಮ್ಮ.

ಇಗ್ನಿಷನ್ ಟೈಮಿಂಗ್ ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ರಬ್ಬರ್ ಪೈಪಿನ ಒಂದು ತುದಿ ಕಾರ್ಬುರೇಟರ್ ಬಾಯಿಗೆ, ಇನ್ನೊಂದು ಕಿವಿಗೆ ಇಟ್ಟು ಗಾಳಿ ಸದ್ದು ಕೇಳಿದೆ. ಮುಂದಿನದು ಬುಸ್ ಅಂತಿತ್ತು, ಹಿಂದಿನದು ಪಿಸುಗುಡ್ತಿತ್ತು. ಹಿಂದಿನದರ ಸ್ಕ್ರೂ ತಿರುಗಿಸಿ ಜೋರು ಮಾಡಿದೆ. ಇಂಜಿನ್ ಇನ್ನಷ್ಟು ಕುಣೀತು.

“ಅಲ್ಲ ಮೇಸ್ತ್ರಿ, ಮುಂದಿನದನ್ನ ಎಡಗಿವೀಲಿ ಕೇಳಿದ್ರಿ, ಹಿಂದಿನದನ್ನ ಯಾಕೆ ಬಲಗಿವೀಲಿ ಕೇಳ್ತೀರಾ?” ಅಂದರು ಪಕ್ಕದಲ್ಲೇ ನಿಂತು ನೋಡ್ತಿದ್ದ ಟೀಚರಮ್ಮ.

“ಆ ಕಡೆ ಬಗ್ಗೋಕೆ ಅದೇ ಅನುಕೂಲ ಕಣಮ್ಮ.”

“ಎರಡನ್ನೂ ಎಡಗಿವೀಲೇ ಕೇಳಿ, ನೋಡೋಣ.”

ಕುತ್ತಿಗೆ ತಿರುಚಿಕೊಂಡು ಕೇಳಿದೆ. ಹಿಂದಿನದು ಮುಂದಿನದಕ್ಕಿಂತ ಜೋರಾಗಿ ಬುಸುಗುಡ್ತಿದೆ! ಬಲಗಿವಿಗೆ ಇಟ್ಟೆ, ಪಿಸುಮಾತು. ಎಡಗಿವಿಗೆ ಇಟ್ಟೆ, ಬುಸ್. ನಾಲ್ಕು ಸಲ ಬದಲಾಯಿಸಿ ನೋಡಿದೆ. ಕೆಟ್ಟಿದ್ದು ಕಾರಲ್ಲ, ನನ್ನ ಬಲಗಿವಿ.

ಎಡಗಿವೀಲಿ ಕೇಳ್ತಾ ಸ್ಕ್ರೂ ಹಿಂದಕ್ಕೆ ತಿರುಗಿಸಿದೆ. ಆಮೇಲೆ ಇಂಜಿನ್ ಮೇಲಿಟ್ಟ ಕಾಫಿ ಲೋಟದಲ್ಲಿ ನೊರೆ ಕೂಡ ಅಲುಗಲಿಲ್ಲ.

“ಕಿವಿ ಡಾಕ್ಟರಿಗೆ ತೋರಿಸಿ,” ಅಂದರು ಟೀಚರಮ್ಮ.

ಯಾಕೆ ತೋರಿಸಲಿ? ಎರಡು ಕಿವಿ ಬೇಕಾಗೋದು ಕೆಲಸ ಕಲಿಯೋರಿಗೆ. ಒಂದೇ ಕಿವೀಲಿ ಜೋಡಿ ಕಾರ್ಬುರೇಟರ್ ಹೊಂದಿಸೋನು ಇಡೀ ವಿಜಯನಗರಕ್ಕೆ ನಾನೊಬ್ಬನೇ.