ಅಜ್ಜಿಯ ಹಣೆ

ಸವದತ್ತಿಯ ಕಾಲೇಜಿನಲ್ಲಿ ಫೋಟೋ ಎಡಿಟಿಂಗ್ ಕಲಿಯುತ್ತಿದ್ದೆ. ಹಳೆಯ ಫೋಟೋ ಒಂದನ್ನು ಸರಿಪಡಿಸಿ ತರುವುದು ಆ ಸಲದ ಪ್ರಾಜೆಕ್ಟ್. ಆಗಷ್ಟೇ ತೀರಿಕೊಂಡಿದ್ದ ಅಜ್ಜಿಯ ಫೋಟೋ ಆರಿಸಿಕೊಂಡೆ. ಅವಳದೆಂದು ಇದ್ದದ್ದು ಅದೊಂದೇ, ಅಜ್ಜ ಬದುಕಿದ್ದಾಗ ತೆಗೆಸಿದ್ದು: ಹಣೆ ತುಂಬ ಕುಂಕುಮ, ಕೊರಳಲ್ಲಿ ತಾಳಿ.

ಬಿರುಕು, ಕಲೆ ಎಲ್ಲ ತೆಗೆದು ಮನೆಯಲ್ಲಿ ತೋರಿಸಿದೆ. ದೊಡ್ಡಪ್ಪ ಮುಖ ಗಂಟಿಕ್ಕಿದ.

"ಗಂಡ ಸತ್ತಾಕಿ ಫೋಟೋದಾಗ ಕುಂಕಮ, ತಾಳಿ ಇರಬಾರದು. ತಗದು, ಹಣಿಗೆ ಇಬತ್ತಿ ಹಚ್ಚು. ಆಮ್ಯಾಲೆ ಗ್ವಾಡಿಗಿ ಹಾಕೋಣು."

ಅಜ್ಜ ಸತ್ತ ದಿನ ಓಣಿಯ ಹೆಂಗಸರೆಲ್ಲ ಸೇರಿ ಅಜ್ಜಿಗೆ ಮಾಡಿದ್ದನ್ನು ನಾನೊಬ್ಬಳೇ ಮೌಸ್ ಹಿಡಿದು ಮಾಡಿದೆ. ಅಂದು ಅವಳು ಕೈ ಅಡ್ಡ ಹಿಡಿದಿದ್ದಳಂತೆ. ಫೋಟೋದಲ್ಲಿ ಕೊನೆಯವರೆಗೂ ನಗುತ್ತಲೇ ಇದ್ದಳು.

ಅಳಿಸಿದ ಗುರುತೇ ಇಲ್ಲವೆಂದು ಸರ್ ಇಡೀ ತರಗತಿಗೆ ತೋರಿಸಿ ಹೊಗಳಿದರು. ಆ ಹೊಗಳಿಕೆಗೆ ಬೆಂಕಿ ಬೀಳಲಿ ಅನ್ನಿಸಿತು.

ಗೋಡೆಗೆ ಹಾಕಿದ ಫೋಟೋವನ್ನು ಅವ್ವ ಬಹಳ ಹೊತ್ತು ನೋಡಿದಳು. ಅಪ್ಪ ಹೊರಗೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಅವನಿಗೆ ಕೇಳಿಸದಂತೆ ಅವ್ವ ಅಂದಳು:

"ನಂದೂ ಈಗ ಎರಡು ಮಾಡಿ ಇಡವಾ. ಕುಂಕಮ ಇದ್ದದ್ದೊಂದು, ಇಲ್ಲದ್ದೊಂದು. ಮೊದಲ ನಾ ಹೋಗ್ತೇನೋ, ನಿಮ್ಮಪ್ಪನೋ."