ಅಟ್ಟದ ಮೇಲಿನ ಸದ್ದಿಲ್ಲದ ಕಾಯಿ

ಅಜ್ಜಂಪುರದ ತೀರ್ಥಪ್ಪ ಮೇಷ್ಟ್ರಿಗೆ ಮೊದಲ ಕಾದಂಬರಿಯಿಂದ ಸಿಕ್ಕಿದ್ದು ತರೀಕೆರೆಯಿಂದ ಕಡೂರಿಗೆ ವರ್ಗ, ಜೊತೆಗೆ ಒಡಹುಟ್ಟಿದ ಅಕ್ಕನ ಮೌನ. ವರ್ಗಕ್ಕೆ ಅವರು ತಲೆ ಕೆಡಿಸಿಕೊಳ್ಳಲಿಲ್ಲ.

ಗಂಡ ಎರಡನೆಯವಳನ್ನು ಮನೆ ತುಂಬಿಸಿಕೊಂಡ ದಿನವೇ ತವರಿಗೆ ಹೊರಟುಬಿಟ್ಟ ಹೆಂಡತಿಯ ಕಥೆ ಅದು. ಅವಳು ಅಳುತ್ತ ಹೊಸಿಲು ದಾಟುವ ಪುಟ ಓದಿ ಹೆಂಗಸರು ಕಣ್ಣೊರೆಸಿಕೊಂಡರು, ಗಂಡಸರು ಹಲ್ಲು ಕಡಿದರು. ಹೆಣ್ಣುಮಕ್ಕಳ ತಲೆ ಕೆಡಿಸುವವನಿಗೆ ಮಹಾರಾಜರ ಸರ್ಕಾರದ ಸಂಬಳವೇ ಎಂದು ಅಮಲ್ದಾರರಿಗೆ ಅರ್ಜಿ ಹೋಯಿತು. ಅದು ಅಕ್ಕ ಮಲ್ಲಿಕಾಂಬಳದೇ ಕಥೆ ಎಂಬುದು ಅಜ್ಜಂಪುರದಲ್ಲಿ ಯಾರಿಗೆ ಗೊತ್ತಿರಲಿಲ್ಲ? ಅಂದಿನಿಂದ ಅವಳು ತಮ್ಮನನ್ನು ಮಾತಾಡಿಸಲಿಲ್ಲ. ರಜೆಗೆ ಬಂದರೆ, "ಅಮ್ಮಾ, ಮೇಷ್ಟ್ರಿಗೆ ಊಟಕ್ಕೆ ಏಳಾಕೆ ಹೇಳು" ಎನ್ನುವಳು. ತೊಡೆಯ ಮೇಲೆ ಕೂರಿಸಿಕೊಂಡು ಅಕ್ಷರ ತಿದ್ದಿಸಿದವಳ ಬಾಯಲ್ಲಿ ಮೇಷ್ಟ್ರು ಅನ್ನಿಸಿಕೊಳ್ಳುವ ಸಂಕಟ ಅನುಭವಿಸಿದವರಿಗೇ ಗೊತ್ತು.

ಒಂಬತ್ತು ವರ್ಷ ಹೀಗೇ ಕಳೆಯಿತು. ಕಂಡವರ ಬದುಕಿನ ಸಹವಾಸವೇ ಬೇಡವೆಂದು ಮೇಷ್ಟ್ರು ಪತ್ತೇದಾರಿ ಕಾದಂಬರಿಗೆ ಕೈ ಹಾಕಿದರು. ಅದರಲ್ಲಿ ಕೊಲೆ ಮಾಡಿದ ಕಳ್ಳ, ಒಡವೆಯನ್ನು ಅಟ್ಟದ ಕೊಬ್ಬರಿಕಾಯಿಯೊಂದರ ಒಳಗೆ ಬಚ್ಚಿಡುತ್ತಾನೆ. ಪತ್ತೇದಾರ ಕಾಯಿಗಳನ್ನೆಲ್ಲ ಅಲ್ಲಾಡಿಸಿ, ಸದ್ದು ಮಾಡಿದ್ದನ್ನು ಒಡೆದು ಕಳ್ಳನನ್ನು ಹಿಡಿಯುತ್ತಾನೆ. ತಮ್ಮ ಜಾಣತನಕ್ಕೆ ತಾವೇ ಬೀಗುತ್ತ ಮೇಷ್ಟ್ರು ಬೇಸಿಗೆ ರಜೆಗೆ ಹಸ್ತಪ್ರತಿಯೊಂದಿಗೆ ಊರಿಗೆ ಬಂದರು. ಉಂಡು, ಅದನ್ನು ತಲೆದೆಸೆಯಲ್ಲಿಟ್ಟು ಜಗಲಿಯ ಮೇಲೆ ಮಲಗಿದರು. ಎಚ್ಚರವಾದಾಗ ಹಸ್ತಪ್ರತಿ ಇರಲಿಲ್ಲ.

ಅಟ್ಟದ ಏಣಿ ಕಿರುಗುಟ್ಟಿತು. ಕಂಕುಳಲ್ಲಿ ಹಸ್ತಪ್ರತಿ, ಮಡಿಲ ತುಂಬ ಕೊಬ್ಬರಿಕಾಯಿ ಇಟ್ಟುಕೊಂಡು ಇಳಿದ ಮಲ್ಲಿಕಾಂಬ ಕಾಯಿಗಳನ್ನು ತಮ್ಮನ ಮುಂದೆ ಸುರಿದಳು.

"ಲೇ ತೀರ್ಥ, ಅಲ್ಲಾಡ್ಸು."

ಆ ಹೆಸರು ಕೇಳಿ ಮೇಷ್ಟ್ರು ದಡಬಡಿಸಿ ಎದ್ದು ಕುಳಿತರು. ಒಂದೊಂದನ್ನೇ ಅಲ್ಲಾಡಿಸಿದರು. ಎಲ್ಲವೂ ಲೊಡಲೊಡ ಎಂದವು.

"ವರ್ಷ ಅಟ್ಟದ ಮೇಲಿದ್ದ ಕಾಯೆಲ್ಲಾ ಹಿಂಗೇ ಕಣೋ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಕೊಂಡಿರ್ತೈತೆ. ಒಡವೆ ಗಿಡಿದು ತುಂಬಿದ್ದು ಸದ್ದು ಮಾಡಲ್ಲ. ಸದ್ದು ಮಾಡ್ದೇ ಇರೋದನ್ನ ಹುಡುಕ್ಬೇಕು. ತೆಂಗಿನ ತೋಟದೋರ ಮನೇಲಿ ಹುಟ್ಟಿ ಇಷ್ಟೂ ಗೊತ್ತಿಲ್ವಾ? ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ?" ಎಂದವಳು ಹಸ್ತಪ್ರತಿಯನ್ನು ತಮ್ಮನ ಮುಂದಿಟ್ಟು, "ಅವತ್ತೂ ಕೇಳ್ಲಿಲ್ಲ" ಎಂದಳು.

"ತಪ್ಪಾಯ್ತು ಕಣಕ್ಕಾ." ಒಂಬತ್ತು ವರ್ಷ ಬಾಯಿಗೆ ಬಂದು ಬಂದು ಹಿಂದಿರುಗಿದ್ದ ಮಾತು ಅದು.

ಆಮೇಲೆ ಮೇಷ್ಟ್ರು ಹನ್ನೊಂದು ಪತ್ತೇದಾರಿ ಪುಸ್ತಕ ಬರೆದರು. ಬೈದವರೇ ಮುಂದಿನದು ಯಾವಾಗ ಎಂದು ದಾರಿಯಲ್ಲಿ ಅಡ್ಡಹಾಕಿ ಕೇಳತೊಡಗಿದರು. ಒಂದೊಂದನ್ನೂ ಅಕ್ಕನ ಮುಂದೆ ಓದಿದ ಮೇಲೆಯೇ ಅಚ್ಚಿಗೆ ಕಳಿಸುತ್ತಿದ್ದುದು. ಎಷ್ಟೋ ಕೊಲೆಗಾರರನ್ನು ಅವಳು ಮೂರನೆಯ ಅಧ್ಯಾಯದಲ್ಲೇ ಹಿಡಿದುಕೊಟ್ಟು ಮೇಷ್ಟ್ರ ಹೊಟ್ಟೆ ಉರಿಸಿದಳು.

ಕೊನೆಗೊಂದು ದಿನ ಅಚ್ಚುಕೂಟದವರು ಮೊದಲ ಕಾದಂಬರಿಯನ್ನು ಮತ್ತೆ ಮುದ್ರಿಸುತ್ತೇವೆಂದು ಕಾಗದ ಬರೆದರು. ಮೇಷ್ಟ್ರು ರೈಲು ಹತ್ತಿ ಬಂದು ಅಕ್ಕನೆದುರು ಕುಳಿತರು.

"ನೀನು ಬ್ಯಾಡ ಅಂದ್ರೆ ಬ್ಯಾಡ."

"ಮೊದ್ಲು ಓದು, ಕೇಳಣ."

ಓದುತ್ತ ಓದುತ್ತ ಹೊಸಿಲು ದಾಟುವ ಪುಟ ಬಂತು. ಮಲ್ಲಿಕಾಂಬ ಕೈ ಎತ್ತಿ ನಿಲ್ಲಿಸಿದಳು.

"ಅವತ್ತು ನಾನು ಅಳ್ಲಿಲ್ಲ ಕಣೋ."

ತೀರ್ಥಪ್ಪ ಮೇಷ್ಟ್ರು ಪೆನ್ಸಿಲನ್ನು ಅವಳ ಕೈಗೇ ಕೊಟ್ಟರು. ಅವಳು ಆ ಒಂದು ಸಾಲನ್ನು ಹೊಡೆದುಹಾಕಿ, "ಈಗ ಅಚ್ಚು ಹಾಕ್ಸು" ಎಂದಳು.